ಕ್ರಯೋಸ್ಟಾಟ್‌ಗೆ ಎಪಿಕ್ಸ್: ಎಲ್ಲಿ ಫೀಲ್ಡ್ ತುಂಬಿದೆವು, ಎಲ್ಲಿ ಕೋಡ್ ಬರೆದೆವು

ನಮ್ಮ ಲ್ಯಾಬ್‌ನಲ್ಲಿ ಒಂದು ಕ್ಲೋಸ್ಡ್ ಸೈಕಲ್ ಕ್ರಯೋಸ್ಟಾಟ್ ಇದೆ, ಸ್ಯಾಂಪಲ್ ಅನ್ನು ತುಂಬ ತಣ್ಣಗೆ ಇಡುವ ಯಂತ್ರ. ಇದಕ್ಕೆ ದ್ರವ ಹೀಲಿಯಂ ಬೇಡ. ಕಂಪ್ರೆಸರ್ ಹೀಲಿಯಂ ಅನಿಲವನ್ನು ಒತ್ತಿ ಕಳಿಸುತ್ತದೆ, ಕೋಲ್ಡ್ ಹೆಡ್‌ನಲ್ಲಿ ಅದು ಹಿಗ್ಗಿ ತಣ್ಣಗಾಗುತ್ತದೆ. ಸ್ಯಾಂಪಲ್ 300 ಕೆಲ್ವಿನ್‌ನಿಂದ ಸುಮಾರು 10 ಕೆಲ್ವಿನ್‌ವರೆಗೆ ಇಳಿಯುತ್ತದೆ. ತೆಳು ಪದರಗಳ ರೆಸಿಸ್ಟೆನ್ಸ್ ತಾಪಮಾನದ ಜತೆ ಹೇಗೆ ಬದಲಾಗುತ್ತದೆ ಎಂದು ನೋಡುವುದು ಇಲ್ಲಿನ ಕೆಲಸ.

ಇದನ್ನೆಲ್ಲ ನಡೆಸುತ್ತಿದ್ದದ್ದು ಒಂದೇ ಒಂದು ಪೈಥಾನ್ ಪ್ರೋಗ್ರಾಂ. ಬರೆದ ಸಂಶೋಧನಾ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೋಗಿ ಬಹಳ ಕಾಲವಾಗಿದೆ. ಆ ಪ್ರೋಗ್ರಾಂ ಒಂದೇ ಲೂಪ್‌ನಲ್ಲಿ ತಾಪಮಾನ ಓದುತ್ತಿತ್ತು, ಒತ್ತಡ ಓದುತ್ತಿತ್ತು, ಹೀಟರ್ ಸೆಟ್ ಮಾಡುತ್ತಿತ್ತು, ರೆಸಿಸ್ಟೆನ್ಸ್ ಅಳೆಯುತ್ತಿತ್ತು, ಗ್ರಾಫ್ ಬಿಡಿಸುತ್ತಿತ್ತು, ಫೈಲ್‌ಗೆ ಬರೆಯುತ್ತಿತ್ತು. ವರ್ಷಗಟ್ಟಲೆ ಒಳ್ಳೆಯ ಡೇಟಾ ಕೊಟ್ಟ ಪ್ರೋಗ್ರಾಂ ಅದು. ಅದರ ಬಗ್ಗೆ ನನಗೆ ಗೌರವವಿದೆ.

ಹಳೆಯ ವ್ಯಾಕ್ಯೂಮ್ ಗೇಜ್ ಕೆಟ್ಟು ಬೇರೆ ಕಂಪನಿಯ ಗೇಜ್ ಹಾಕಿದಾಗ ತೊಂದರೆ ಶುರುವಾಯಿತು. ಹೊಸ ಗೇಜ್ ಮಾತಾಡುವ ರೀತಿ ಬೇರೆ. ಒತ್ತಡ ಓದುವ ಸಾಲಿನಲ್ಲಿ ಪ್ರೋಗ್ರಾಂ ನಿಂತುಹೋಯಿತು. ಲೂಪ್ ಒಂದೇ ಆದ್ದರಿಂದ ತಾಪಮಾನ ಓದುವುದೂ ನಿಂತಿತು. ಹೀಟರ್ ಮಾತ್ರ ಕೊನೆಗೆ ಸೆಟ್ ಆಗಿದ್ದ ತಾಪಮಾನದಲ್ಲೇ ಉರಿಯುತ್ತಿತ್ತು. ಪರದೆಯ ಮೇಲೆ ಕೊನೆಯ ಅಂಕಿ ಹಾಗೇ ಕೂತಿತ್ತು. ಅದು ಹಳೆಯ ಅಂಕಿಯೋ ಈಗಿನದೋ ಎಂದು ನೋಡಿದವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಆ ಸಾಲನ್ನು ತಿದ್ದಿ ಮುಂದೆ ಹೋಗಬಹುದಿತ್ತು. ಹಾಗೆ ಮಾಡಿದರೆ ಇದ್ದ ತಿದ್ದುಪಡಿಗಳ ಜತೆ ಹತ್ತರ ಕೂಡ ಹನ್ನೊಂದು ಎಂಬಂತೆ ಇನ್ನೊಂದು ಸೇರುತ್ತಿತ್ತು. ಅದಕ್ಕೇ ಪೂರ್ತಿ ತೆಗೆದು, ಯಂತ್ರಗಳನ್ನು ನಡೆಸಲೆಂದೇ ಇರುವ ಎಪಿಕ್ಸ್ (EPICS) ಎಂಬ ಕಂಟ್ರೋಲ್ ಸಾಫ್ಟ್‌ವೇರ್ ಹಾಕೋಣ ಎಂದು ತೀರ್ಮಾನಿಸಿದೆವು.

ಎಪಿಕ್ಸ್ ಯಾಕೆ

1980ರ ದಶಕದ ಕೊನೆಯಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಲ್ಯಾಬ್‌ನಲ್ಲಿ ಗ್ರೌಂಡ್ ಟೆಸ್ಟ್ ಆಕ್ಸಿಲರೇಟರ್ ಎಂಬ ಯಂತ್ರಕ್ಕೆ ಬಾಬ್ ಡಲೇಸಿಯೊ ಮತ್ತು ಜತೆಗಾರರು ಕಂಟ್ರೋಲ್ ಸಾಫ್ಟ್‌ವೇರ್ ಬರೆದರು. 1989ರಲ್ಲಿ ಆರ್ಗಾನ್ ಲ್ಯಾಬ್‌ನ ಮಾರ್ಟಿ ಕ್ರೈಮರ್ ಅಲ್ಲಿಗೆ ಬಂದು ಅವರ ಜತೆ ಕೆಲಸ ಮಾಡಿದರು. ಆರ್ಗಾನ್‌ಗೆ ಬೇಕಿದ್ದದ್ದು ಅಡ್ವಾನ್ಸ್ಡ್ ಫೋಟಾನ್ ಸೋರ್ಸ್ ಎಂಬ ಬೇರೆಯೇ ಯಂತ್ರದ ಕಂಟ್ರೋಲ್. ಎರಡು ಊರಿನ ಎರಡು ಯಂತ್ರಕ್ಕೆ ಒಂದೇ ಸಾಫ್ಟ್‌ವೇರ್ ಹೊಂದಬೇಕಾದರೆ, ಎಲ್ಲರಿಗೂ ಬೇಕಾದ್ದನ್ನು ಒಂದು ಕಡೆ, ಈ ಯಂತ್ರಕ್ಕೆ ಮಾತ್ರ ಬೇಕಾದ್ದನ್ನು ಇನ್ನೊಂದು ಕಡೆ ಇಡಲೇಬೇಕು. ಎಪಿಕ್ಸ್‌ನ ಇಡೀ ರಚನೆಯಲ್ಲಿ ಆ ಗೆರೆ ಕಾಣುತ್ತದೆ.

ಈಗ ಇದು ಓಕ್ ರಿಡ್ಜ್‌ನ ಸ್ಪಾಲೇಶನ್ ನ್ಯೂಟ್ರಾನ್ ಸೋರ್ಸ್, ಇಂಗ್ಲೆಂಡಿನ ಡೈಮಂಡ್ ಲೈಟ್ ಸೋರ್ಸ್ ನಡೆಸುತ್ತದೆ. ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟರ್ ಫ್ಯೂಶನ್ ಯಂತ್ರದ ಕಂಟ್ರೋಲ್‌ಗೂ ಇದನ್ನೇ ಆರಿಸಿಕೊಂಡಿದ್ದಾರೆ. ಭಾರತ ಅದರ ಏಳು ಪಾಲುದಾರರಲ್ಲಿ ಒಂದು. ಗುರುತ್ವ ಅಲೆ ಹಿಡಿಯುವ ಲೈಗೊದ ನಿಧಾನದ ಕಂಟ್ರೋಲ್‌ಗಳೂ ಇದರಲ್ಲೇ. ಇಷ್ಟು ದೊಡ್ಡದನ್ನು ಒಂದು ಮೇಜಿನ ಮೇಲಿನ ಕ್ರಯೋಸ್ಟಾಟ್‌ಗೆ ತರಬೇಕಾ ಎಂದು ಕೇಳಬಹುದು. ಬೇಸ್ ಸಾಫ್ಟ್‌ವೇರ್ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಆರಾಮಾಗಿ ಓಡುತ್ತದೆ, ನಾವು ಬಳಸಿದ್ದೂ ಅದನ್ನೇ. ದುಡ್ಡು ಕೊಡಬೇಕಿಲ್ಲ. ಕಲಿಯುವ ಶ್ರಮ ಮಾತ್ರ ಇದೆ, ಅದು ಕಡಿಮೆಯದಲ್ಲ.

ಎಪಿಕ್ಸ್‌ನ ಮೂಲ ತುಂಡು ರೆಕಾರ್ಡ್. ಒಂದು ಅನಲಾಗ್ ಅಂಕಿ ಓದಲು ಎಐ, ಬರೆಯಲು ಎಓ, ಆನ್-ಆಫ್‌ಗೆ ಬಿಐ ಮತ್ತು ಬಿಓ, ಹಲವು ಸ್ಥಿತಿಗಳಲ್ಲಿ ಒಂದಕ್ಕೆ ಎಂಬಿಬಿಐ, ಲೆಕ್ಕಕ್ಕೆ ಕ್ಯಾಲ್ಕ್. ಪ್ರತಿ ರೆಕಾರ್ಡ್‌ಗೆ ಒಂದು ಹೆಸರು, ಒಂದು ರಾಶಿ ಫೀಲ್ಡ್‌ಗಳು. ಫೀಲ್ಡ್ ತುಂಬಿದ ಪಠ್ಯ ಫೈಲ್ ಒಂದನ್ನು ಐಓಸಿ ಎಂಬ ಪ್ರೋಗ್ರಾಂ ಓದಿಕೊಂಡು ಓಡುತ್ತದೆ. ನೆಟ್‌ವರ್ಕ್‌ನಲ್ಲಿರುವ ಯಾವ ಕಂಪ್ಯೂಟರ್ ಬೇಕಾದರೂ ಹೆಸರು ಹೇಳಿ ಅದರ ಬೆಲೆ, ಅಂದರೆ ಈಗಿನ ಅಂಕಿ, ಕೇಳಬಹುದು.

"ಸರ್, ತಾಪಮಾನ ಓದೋದಕ್ಕೆ ಪೈಥಾನ್‌ನಲ್ಲಿ ಹತ್ತು ಸಾಲು ಸಾಕಲ್ವಾ? ಇಷ್ಟೆಲ್ಲ ಯಾಕೆ?" ಎಂದು ನಮ್ಮ ಹೊಸ ವಿದ್ಯಾರ್ಥಿನಿ ಕೇಳಿದಳು. ಸರಿಯಾದ ಪ್ರಶ್ನೆ. ಉತ್ತರವಾಗಿ ಎಐ ರೆಕಾರ್ಡಿನ ಫೀಲ್ಡ್ ಪಟ್ಟಿಯನ್ನು ತೆಗೆದು ಇಬ್ಬರೂ ಒಂದೊಂದಾಗಿ ಓದಿದೆವು.

ಫೀಲ್ಡ್ ಅಂದರೆ ಪ್ರಶ್ನೆ

ಸ್ಕ್ಯಾನ್: ಎಷ್ಟು ಹೊತ್ತಿಗೊಮ್ಮೆ ಓದಬೇಕು? 0.1 ಸೆಕೆಂಡಿನಿಂದ 10 ಸೆಕೆಂಡಿನವರೆಗೆ ಆಯ್ಕೆಗಳಿವೆ. ತಾಪಮಾನಕ್ಕೆ 1 ಸೆಕೆಂಡ್ ಇಟ್ಟೆವು.

ಹೈಹೈ, ಹೈ, ಲೋ, ಲೋಲೋ: ಯಾವ ಮಟ್ಟ ದಾಟಿದರೆ ಎಚ್ಚರಿಕೆ? ಪ್ರತಿ ಮಟ್ಟಕ್ಕೂ ಎಷ್ಟು ಗಂಭೀರ ಎಂದು ಬೇರೆಯಾಗಿ ಹೇಳಬೇಕು. ಸುಮ್ನೆ ಮಟ್ಟ ತುಂಬಿ ಗಂಭೀರತೆ ಬಿಟ್ಟರೆ ಎಚ್ಚರಿಕೆ ಬರುವುದೇ ಇಲ್ಲ. ಹೊಸಬರು ಇದನ್ನು ಮೊದಲು ತಿಳಿದಿರಬೇಕು.

ಹಿಸ್ಟ್: 20 ಕೆಲ್ವಿನ್ ಮಿತಿಯ ಪಕ್ಕದಲ್ಲೇ ತಾಪಮಾನ 19.98, 20.02 ಎಂದು ತೂಗಾಡಿದರೆ? ಎಚ್ಚರಿಕೆ ಪ್ರತಿ ಸೆಕೆಂಡ್ ಬಂದು ಹೋಗುತ್ತದೆ. 0.1 ಎಂದು ಹಿಸ್ಟ್ ತುಂಬಿದರೆ ಆ ತೂಗಾಟ ನಿಲ್ಲುತ್ತದೆ.

ಎಂಡೆಲ್ ಮತ್ತು ಎಡೆಲ್: ಎಷ್ಟು ಬದಲಾದರೆ ಪರದೆಗೆ ತಿಳಿಸಬೇಕು, ಎಷ್ಟು ಬದಲಾದರೆ ದಾಖಲೆಗೆ ಕಳಿಸಬೇಕು? ಎರಡೂ ಬೇರೆ ಪ್ರಶ್ನೆಗಳು ಎಂದು ನಮ್ಮ ಹಳೆಯ ಪ್ರೋಗ್ರಾಂಗೆ ಗೊತ್ತಿರಲಿಲ್ಲ. ಅದು ಪ್ರತಿ ಓದನ್ನೂ ಫೈಲ್‌ಗೆ ಸುರಿಯುತ್ತಿತ್ತು.

ಸಿಮ್ ಮೋಡ್: ಉಪಕರಣ ಇಲ್ಲದಾಗ ಉಳಿದದ್ದನ್ನು ಹೇಗೆ ಪರೀಕ್ಷೆ ಮಾಡುತ್ತೀರಿ?

ಬರೆಯುವ ಕಡೆಯ ಎಓ ರೆಕಾರ್ಡ್‌ನಲ್ಲಿ ಇನ್ನೂ ಎರಡು. ಡ್ರೈವ್ ಹೈ ಮತ್ತು ಡ್ರೈವ್ ಲೋ: ಯಾರಾದರೂ 300ರ ಬದಲು 3000 ಒತ್ತಿದರೆ? ಇಲ್ಲಿ ಒಂದು ಸೂಕ್ಷ್ಮ ಇದೆ. ಮಿತಿ ಮೀರಿದ ಅಂಕಿಯನ್ನು ಎಪಿಕ್ಸ್ ತಿರಸ್ಕರಿಸುವುದಿಲ್ಲ, ಮಿತಿಗೆ ಕತ್ತರಿಸಿ ಉಪಕರಣಕ್ಕೆ ಕಳಿಸುತ್ತದೆ. ಹಾಗಾಗಿ ಆ ಮಿತಿಯೇ ಅಪಾಯವಿಲ್ಲದ ತಾಪಮಾನ ಆಗಿರಬೇಕು. ನಾವು 320 ಕೆಲ್ವಿನ್ ಇಟ್ಟೆವು. ಸ್ಯಾಂಪಲ್ ಅಂಟಿಸುವ ವಾರ್ನಿಷ್‌ಗೆ ಅದರಿಂದ ತೊಂದರೆ ಇಲ್ಲ.

ಇನ್ನೊಂದು ಐವಿಓಎ. ಒಳಗೆ ಬರುವ ಅಂಕಿಯನ್ನೇ ನಂಬುವಂತಿಲ್ಲ ಎಂದಾದಾಗ ಹೊರಗೆ ಏನು ಕಳಿಸಬೇಕು? ಹಾಗೇ ಮುಂದುವರಿಯಬೇಕಾ, ಏನೂ ಕಳಿಸದೆ ಸುಮ್ಮನಿರಬೇಕಾ, ಮೊದಲೇ ಹೇಳಿಟ್ಟ ಒಂದು ಬೆಲೆ ಕಳಿಸಬೇಕಾ? ಇಂಥ ಪ್ರಶ್ನೆ ನಿಜವಾಗಿ ಯಾವುದೋ ಯಂತ್ರ ಕೈಕೊಟ್ಟ ರಾತ್ರಿಯಲ್ಲಿ ಹುಟ್ಟಿರಬೇಕು ಎಂದು ನನಗೆ ಅನಿಸುತ್ತದೆ. ಹತ್ತು ಸಾಲಿನ ಪೈಥಾನ್ ಬರೆಯುವಾಗ ಯಾರಿಗೂ ಇದು ಹೊಳೆಯುವುದಿಲ್ಲ.

ಆ ಪಟ್ಟಿ ಓದಿದ ಮೇಲೆ ಅವಳ ಪ್ರಶ್ನೆ ಬದಲಾಯಿತು. "ಹಾಗಾದ್ರೆ ಸರ್, ಖಾಲಿ ಬಿಟ್ಟ ಫೀಲ್ಡೂ ನಾವು ತಗೊಂಡ ತೀರ್ಮಾನಾನೇ ಅಲ್ವಾ?" ಹೌದು. ಅದಕ್ಕೆ ನಾವು ಒಂದು ನಿಯಮ ಮಾಡಿಕೊಂಡೆವು. ರೆಕಾರ್ಡ್ ಫೈಲ್‌ನಲ್ಲಿ ಬೇಕೆಂದೇ ಖಾಲಿ ಬಿಟ್ಟದ್ದರ ಪಕ್ಕ ಯಾಕೆ ಬಿಟ್ಟೆವು ಎಂದು ಒಂದು ಸಾಲು ಟಿಪ್ಪಣಿ.

ತಾಪಮಾನ ಕಂಟ್ರೋಲರ್

ಉಪಕರಣ ಲೇಕ್ ಶೋರ್ 335. ಸೆನ್ಸರ್ ಡಿಟಿ-670 ಸಿಲಿಕಾನ್ ಡಯೋಡ್, ಎರಡು. ಒಂದು ಕೋಲ್ಡ್ ಹೆಡ್ ಮೇಲೆ, ಒಂದು ಸ್ಯಾಂಪಲ್ ಪಕ್ಕ.

ಇಲ್ಲಿ ಮೊದಲು ಕೇಳಿಕೊಂಡ ಪ್ರಶ್ನೆ: ಪಿಐಡಿ, ಅಂದರೆ ತಾಪಮಾನ ನೋಡಿ ಹೀಟರ್ ಹೆಚ್ಚು ಕಡಿಮೆ ಮಾಡುವ ಲೆಕ್ಕ, ಎಲ್ಲಿರಬೇಕು? ಪೈ ಮೇಲೆ ಪಿಐಡಿ ಓಡಿಸಲೂ ಎಪಿಕ್ಸ್‌ನಲ್ಲಿ ಸಿದ್ಧ ರೆಕಾರ್ಡ್ ಇದೆ. ಆದರೆ ಕಂಟ್ರೋಲರ್ ಒಳಗೇ ಒಳ್ಳೆಯ ಪಿಐಡಿ ಇರುವಾಗ ಅದನ್ನು ಸೀರಿಯಲ್ ತಂತಿಯ ಈಚೆಗೆ ಎಳೆದು ತರುವುದು ತಪ್ಪು. ಪೈ ಸತ್ತರೂ, ನೆಟ್‌ವರ್ಕ್ ಹೋದರೂ ತಾಪಮಾನ ನಿಂತಲ್ಲಿ ನಿಲ್ಲಬೇಕು. ಹಾಗಾಗಿ ಎಪಿಕ್ಸ್ ಸೆಟ್‌ಪಾಯಿಂಟ್ ಮತ್ತು ರ್‍ಯಾಂಪ್ ವೇಗ ಮಾತ್ರ, ಅಂದರೆ ಯಾವ ತಾಪಮಾನಕ್ಕೆ ಹೋಗಬೇಕು, ಎಷ್ಟು ಬೇಗ ಹೋಗಬೇಕು ಎಂದಷ್ಟೇ ಹೇಳುತ್ತದೆ. ಉಳಿದದ್ದು ಉಪಕರಣದ ಕೆಲಸ.

ಮಾತುಕತೆಗೆ ಸ್ಟ್ರೀಮ್‌ಡಿವೈಸ್ ಬಳಸಿದೆವು. ಇದು ಸ್ವಿಟ್ಜರ್‌ಲೆಂಡಿನ ಪೌಲ್ ಶೆರರ್ ಇನ್‌ಸ್ಟಿಟ್ಯೂಟ್‌ನಲ್ಲಿ ಬೆಳೆದದ್ದು. ಪಠ್ಯದಲ್ಲಿ ಮಾತಾಡುವ ಉಪಕರಣಕ್ಕೆ ಸಿ ಕೋಡ್ ಬರೆಯುವುದೇ ಬೇಡ. ಏನು ಕಳಿಸಬೇಕು, ಏನು ಬರುತ್ತದೆ ಎಂದು ಒಂದು ಪ್ರೋಟೋಕಾಲ್ ಫೈಲ್‌ನಲ್ಲಿ ಬರೆದರೆ ಸಾಕು. ತಾಪಮಾನ ಓದಲು ಎರಡು ಸಾಲು: ಕೆಆರ್‌ಡಿಜಿ ಪ್ರಶ್ನೆ ಕಳಿಸು, ಬಂದ ದಶಮಾಂಶ ಅಂಕಿ ತೆಗೆದುಕೋ. ಎರಡು ಸೆನ್ಸರ್‌ಗೂ ಒಂದೇ ಟೆಂಪ್ಲೇಟ್. ಚಾನೆಲ್ ಹೆಸರು ಮಾತ್ರ ಮ್ಯಾಕ್ರೊ ಆಗಿ ಹೋಗುತ್ತದೆ.

ಮೊದಲು ಉತ್ತರ ಬರಲಿಲ್ಲ, ಬಂದದ್ದೂ ಕಸ. ಕಾರಣ ಸೀರಿಯಲ್ ಸೆಟ್ಟಿಂಗ್. ಈ ಉಪಕರಣಕ್ಕೆ ಬೇಕಾದ್ದು 57600 ಬಾಡ್, 7 ಡೇಟಾ ಬಿಟ್, ಆಡ್ ಪ್ಯಾರಿಟಿ, 1 ಸ್ಟಾಪ್ ಬಿಟ್. ಎಲ್ಲರ ಕೈಗೂ ರೂಢಿಯಾಗಿರುವ 8 ಬಿಟ್, ಪ್ಯಾರಿಟಿ ಇಲ್ಲದ ಸೆಟ್ಟಿಂಗ್ ಇಲ್ಲಿ ನಡೆಯುವುದಿಲ್ಲ. ಹುಡುಕಲು ಸಹಾಯ ಮಾಡಿದ್ದು ಸ್ಟ್ರೀಮ್‌ಡಿವೈಸ್‌ನ ಕೆಳಗೆ ಪೋರ್ಟ್ ನೋಡಿಕೊಳ್ಳುವ ಅಸಿನ್ ಎಂಬ ಪದರದ ಟ್ರೇಸ್ ಸೌಲಭ್ಯ. ಅದನ್ನು ಆನ್ ಮಾಡಿದರೆ ತಂತಿಯ ಮೇಲೆ ಹೋದ, ಬಂದ ಪ್ರತಿ ಬೈಟ್ ಕಾಣುತ್ತದೆ. ಸ್ಟ್ರೀಮ್‌ಡಿವೈಸ್ ಕಲಿಯುವವರು ಮೊದಲು ಈ ಟ್ರೇಸ್ ಆನ್ ಮಾಡುವುದನ್ನು ಕಲಿಯಲಿ.

ಅಸಿನ್ ಇನ್ನೊಂದು ದೊಡ್ಡ ಕೆಲಸ ಮಾಡುತ್ತದೆ. ಒಂದೇ ಪೋರ್ಟ್ ಮೇಲೆ ಹತ್ತಾರು ರೆಕಾರ್ಡ್‌ಗಳು ಮಾತಾಡಲು ಬಂದರೆ ಸರದಿ ನಿಲ್ಲಿಸುತ್ತದೆ. ಒಬ್ಬರ ಪ್ರಶ್ನೆಗೆ ಇನ್ನೊಬ್ಬರ ಉತ್ತರ ಹೋಗುವುದಿಲ್ಲ. ಕೈಯಾರೆ ಬರೆದ ಪ್ರೋಗ್ರಾಂಗಳಲ್ಲಿ ಸರದಿ ಕಾಯಿಸುವ ಈ ಲಾಕ್ ಸರಿಯಿಲ್ಲದೆ ಯಾವಾಗಲೋ ಒಮ್ಮೆ ಬರುವ, ಹಿಡಿಯಲಾಗದ ದೋಷ ಹುಟ್ಟುತ್ತದೆ.

ಪೈಗೆ ಹಲವು ಯುಎಸ್‌ಬಿ ಸೀರಿಯಲ್ ಹಾಕಿದಾಗ ರೀಬೂಟ್ ಆದಮೇಲೆ ಯಾವುದು ಸೊನ್ನೆ, ಯಾವುದು ಒಂದು ಎಂಬುದು ಅದಲುಬದಲಾಗುತ್ತದೆ. ಲಿನಕ್ಸ್‌ನಲ್ಲಿ ಸೀರಿಯಲ್ ನಂಬರ್ ಇರುವ ಸ್ಥಿರ ಹೆಸರೂ ಸಿಗುತ್ತದೆ, ಅದನ್ನೇ ಬಳಸಿ. ಅಗ್ಗದ ಕನ್ವರ್ಟರ್‌ಗಳಲ್ಲಿ ಸೀರಿಯಲ್ ನಂಬರ್ ಇರುವುದಿಲ್ಲ, ಅಥವಾ ಎಲ್ಲದಕ್ಕೂ ಒಂದೇ ಇರುತ್ತದೆ. ಅಂಥದ್ದನ್ನು ಯಾವ ಯುಎಸ್‌ಬಿ ಕಿಂಡಿಗೆ ಚುಚ್ಚಿದ್ದೇವೆ ಎಂಬುದರ ಮೇಲೆ ಗುರುತಿಸಬೇಕು. ಆಗ ಕಿಂಡಿಗಳಿಗೆ ಚೀಟಿ ಅಂಟಿಸುವುದು ಕಡ್ಡಾಯ.

ಒತ್ತಡದ ಗೇಜ್

ಇದು ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಗೇಜ್ ಪೈಫರ್‌ನ ಪಿಕೆಆರ್ 251, ಅದರ ಮೀಟರ್ ಟಿಪಿಜಿ 261. ಪಿರಾನಿ ಮತ್ತು ಕೋಲ್ಡ್ ಕ್ಯಾಥೋಡ್ ಎಂಬ ಎರಡು ಬಗೆಯ ಸೆನ್ಸರ್ ಒಂದೇ ಕೊಳವೆಯಲ್ಲಿದ್ದು, ವಾತಾವರಣದ ಒತ್ತಡದಿಂದ 5 × 10⁻⁹ ಮಿಲಿಬಾರ್‌ವರೆಗೆ ಓದುತ್ತದೆ.

ಇದರ ಮಾತುಕತೆ ಎರಡು ಹಂತದ್ದು. ಪಿಆರ್1 ಎಂದು ಕಳಿಸಿದರೆ ಒತ್ತಡ ಬರುವುದಿಲ್ಲ. "ಕೇಳಿಸಿತು" ಎನ್ನುವ ಎಸಿಕೆ ಎಂಬ ಒಂದು ಬೈಟ್ ಬರುತ್ತದೆ. ಆಮೇಲೆ ಇಎನ್‌ಕ್ಯೂ ಎಂಬ ಬೈಟ್ ಕಳಿಸಬೇಕು. ಆಗ ಸ್ಥಿತಿಯ ಅಂಕಿ, ಅಲ್ಪವಿರಾಮ, ಒತ್ತಡ ಎಂದು ಒಂದು ಸಾಲು ಬರುತ್ತದೆ. ಹಳೆಯ ಪ್ರೋಗ್ರಾಂ ಎಡವಿದ್ದು ಇಲ್ಲೇ. ಸ್ಟ್ರೀಮ್‌ಡಿವೈಸ್‌ನಲ್ಲಿ ಇದು ನಾಲ್ಕು ಸಾಲು: ಕಳಿಸು, ತಗೋ, ಕಳಿಸು, ತಗೋ. ಎಸಿಕೆ, ಇಎನ್‌ಕ್ಯೂ ಎಂಬ ಹೆಸರುಗಳೂ ಅದಕ್ಕೆ ಮೊದಲೇ ಗೊತ್ತು.

ಆದರೆ ಸ್ಥಿತಿಯ ಅಂಕಿಯನ್ನು ಏನು ಮಾಡಬೇಕು? ಸೊನ್ನೆ ಅಂದರೆ ಸರಿ. 1 ಅಂದರೆ ಅಳತೆಯ ವ್ಯಾಪ್ತಿಗಿಂತ ಕಡಿಮೆ, 2 ಹೆಚ್ಚು, 3 ಸೆನ್ಸರ್ ದೋಷ, 4 ಸೆನ್ಸರ್ ಆಫ್, 5 ಸೆನ್ಸರ್ ಇಲ್ಲ. ಹೇಗಿದ್ದರೂ ಅಲ್ಪವಿರಾಮದ ನಂತರ ಒಂದು ಅಂಕಿ ಬಂದೇ ಬರುತ್ತದೆ. ಅದನ್ನು ಒತ್ತಡ ಎಂದು ತಗೊಂಡರೆ ಸೆನ್ಸರ್ ಸತ್ತಾಗಲೂ ಪರದೆಯ ಮೇಲೆ ಒಂದು ಒತ್ತಡ ಇರುತ್ತದೆ.

ಹೀಗೆ ಮಾಡಿದೆವು. ಉತ್ತರದ ಮೊದಲ ಅಕ್ಷರ ಸೊನ್ನೆಯೇ ಆಗಿರಬೇಕು ಎಂದು ಪ್ರೋಟೋಕಾಲ್‌ನಲ್ಲಿ ನೇರವಾಗಿ ಬರೆದೆವು. ಬೇರೆ ಏನೇ ಬಂದರೂ ಹೊಂದಿಕೆ ತಪ್ಪುತ್ತದೆ, ಒತ್ತಡದ ರೆಕಾರ್ಡ್ ತಾನಾಗಿ "ನಂಬುವಂತಿಲ್ಲ" ಎಂಬ ಸ್ಥಿತಿಗೆ ಹೋಗುತ್ತದೆ. ಎಪಿಕ್ಸ್‌ನ ನಾಲ್ಕು ಮಟ್ಟಗಳಲ್ಲಿ ಇದು ಕೊನೆಯದು, ಇನ್‌ವ್ಯಾಲಿಡ್. ಹೊಂದಿಕೆ ತಪ್ಪಿದಾಗ ಓಡುವ ಮಿಸ್‌ಮ್ಯಾಚ್ ಹ್ಯಾಂಡ್ಲರ್ ಎಂಬುದು ಬೇರೆ ಇದೆ. ಅದು ಬಂದ ಅದೇ ಸಾಲನ್ನು ಮತ್ತೆ ಓದಿ, ಸ್ಥಿತಿಯ ಅಂಕಿಯನ್ನು ಇನ್ನೊಂದು ಎಂಬಿಬಿಐ ರೆಕಾರ್ಡ್‌ಗೆ ಹಾಕುತ್ತದೆ. ಪರದೆಯಲ್ಲಿ ಒತ್ತಡ ನಂಬುವಂತಿಲ್ಲ ಎಂಬ ಬಣ್ಣದ ಅಂಚು, ಪಕ್ಕದಲ್ಲಿ "ಸೆನ್ಸರ್ ಆಫ್" ಎಂಬ ಕಾರಣ. ಇದಕ್ಕೆಲ್ಲ ಪ್ರೋಗ್ರಾಂ ಬರೆಯಲಿಲ್ಲ.

ಸಿದ್ಧ ಫೀಲ್ಡ್‌ಗಳ ಮಿತಿ ಕಂಡದ್ದೂ ಇಲ್ಲೇ. ಎಂಡೆಲ್, ಎಡೆಲ್ ಎರಡೂ ಇಷ್ಟು ಮಿಲಿಬಾರ್ ಬದಲಾದರೆ ಎಂಬ ನೇರ ವ್ಯತ್ಯಾಸ ಕೇಳುತ್ತವೆ. ಒಳಗಿನ ಗಾಳಿ ಹೊರತೆಗೆಯುವ ಒಂದು ಪಂಪ್‌ಡೌನ್‌ನಲ್ಲಿ ಒತ್ತಡ 1000ದಿಂದ 0.000001ಕ್ಕೆ ಇಳಿಯುತ್ತದೆ. ಎಡೆಲ್ 0.001 ಇಟ್ಟರೆ ಕೊನೆಯ ಮುಖ್ಯ ಭಾಗ ದಾಖಲೆಗೇ ಹೋಗುವುದಿಲ್ಲ. 0.0000001 ಇಟ್ಟರೆ ಶುರುವಿನಲ್ಲಿ ಪ್ರತಿ ಓದೂ ದಾಖಲೆಗೆ ನುಗ್ಗುತ್ತದೆ. ಯಾವ ಅಂಕಿ ಇಟ್ಟರೂ ಸರಿಯಾಗುವುದಿಲ್ಲ.

ಇದಕ್ಕೆ ಕೋಡ್ ಬರೆಯುವ ಮುಂಚೆ ಯೋಚಿಸಿದರೆ ದಾರಿ ಸಿಗುತ್ತದೆ. ಒತ್ತಡದ 10ರ ಲಾಗರಿದಮ್ ತೆಗೆಯುವ ಒಂದು ಕ್ಯಾಲ್ಕ್ ರೆಕಾರ್ಡ್ ಸೇರಿಸಿದೆವು. ಲಾಗ್ ಮೇಲೆ 0.02 ಎಂಬ ಎಡೆಲ್ ಅಂದರೆ ಯಾವ ಒತ್ತಡದಲ್ಲಾದರೂ ಸುಮಾರು ಶೇಕಡ 5 ಬದಲಾವಣೆ. ಎಚ್ಚರಿಕೆಯ ಮಟ್ಟಗಳು, ಹಿಸ್ಟ್ ಕೂಡ ಅದರ ಮೇಲೇ. ಜನರಿಗೆ ತೋರಿಸುವುದು ಮಿಲಿಬಾರ್, ಲೆಕ್ಕ ನಡೆಯುವುದು ಲಾಗ್ ಮೇಲೆ.

ವಾಲ್ವ್ ಮತ್ತು ಪಂಪ್

ಎರಡು ಸೊಲೆನಾಯ್ಡ್ ವಾಲ್ವ್, ರೋಟರಿ ಪಂಪ್, ಟರ್ಬೊ ಪಂಪ್. ಇವನ್ನು ಆನ್-ಆಫ್ ಮಾಡಲು ಆರ್‌ಎಸ್-485 ಮೇಲೆ ಮಾಡ್‌ಬಸ್ ಎಂಬ ಉಪಕರಣಗಳ ಭಾಷೆ ಮಾತಾಡುವ ರಿಲೇ ಬೋರ್ಡ್, ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದದ್ದು. ಆರ್ಡುಯಿನೊ ಹಾಕಿ ನಮ್ಮದೇ ಭಾಷೆಯಲ್ಲಿ ಮಾತಾಡಿಸೋಣ ಎಂಬ ಆಸೆ ಎಲ್ಲರಿಗೂ ಇತ್ತು. ಬೇಡ ಎಂದೆ. ನಮ್ಮದೇ ಭಾಷೆ ಅಂದರೆ ನಮ್ಮ ನಂತರ ಯಾರಿಗೂ ಬಾರದ ಭಾಷೆ. ಮಾಡ್‌ಬಸ್ 1979ರಿಂದ ಇದೆ. ಎಪಿಕ್ಸ್‌ಗೆ ಮಾರ್ಕ್ ರಿವರ್ಸ್ ಬರೆದ ಸಿದ್ಧ ಮಾಡ್ಯೂಲ್ ಇದೆ. ಈ ಬೋರ್ಡ್ ಸುಟ್ಟರೆ ಬೇರೆ ಕಂಪನಿಯದ್ದನ್ನು ಹಾಕಿ ವಿಳಾಸಗಳನ್ನು ಬದಲಾಯಿಸಿದರೆ ಮುಗಿಯಿತು.

ಗಮನಿಸಬೇಕಾದ ಕೆಲವು ವಿಷಯ. ಕೈಪಿಡಿಯಲ್ಲಿ ಮೊದಲ ರಿಲೇಗೆ ವಿಳಾಸ 1 ಎಂದಿದ್ದರೆ ತಂತಿಯ ಮೇಲೆ ಅದು ಸಾಮಾನ್ಯವಾಗಿ ಸೊನ್ನೆ. ಎ, ಬಿ ತಂತಿಗಳ ಹೆಸರನ್ನು ಎಲ್ಲ ಕಂಪನಿಗಳೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಉತ್ತರ ಬರದಿದ್ದರೆ ಅದಲುಬದಲು ಮಾಡಿ ನೋಡಿ, ಏನೂ ಸುಡುವುದಿಲ್ಲ. ತಂತಿ ಉದ್ದ ಇದ್ದರೆ ಎರಡೂ ತುದಿಗೆ 120 ಓಮ್.

ಸುರಕ್ಷತೆಯನ್ನು ಮಾತ್ರ ಸಾಫ್ಟ್‌ವೇರ್‌ಗೆ ಬಿಡಲಿಲ್ಲ. ಕಂಪ್ರೆಸರ್‌ಗೆ ತಂಪು ನೀರು ನಿಂತರೆ ಅದನ್ನು ಆಫ್ ಮಾಡುವುದು ಫ್ಲೋ ಸ್ವಿಚ್ ಮತ್ತು ರಿಲೇ, ನೇರ ತಂತಿಯಲ್ಲಿ. ಎಪಿಕ್ಸ್‌ಗೆ ಅದು ಬರೀ ಸುದ್ದಿ. ವಾಲ್ವ್‌ಗಳು ಕರೆಂಟ್ ಇಲ್ಲದಾಗ ತಾವಾಗಿ ಮುಚ್ಚಿಕೊಳ್ಳುವ ಬಗೆಯವು. ಪಂಪ್‌ಗಳ ಕಾಂಟ್ಯಾಕ್ಟರ್ ಕರೆಂಟ್ ಮರಳಿ ಬಂದಾಗ ತಾನಾಗಿ ಆನ್ ಆಗುವುದಿಲ್ಲ. ಯಾರಾದರೂ ಬಂದು ಬಟನ್ ಒತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡುವ ಊರಿನಲ್ಲಿ ಇದು ದೊಡ್ಡ ವಿಷಯ.

ಕೋಡ್ ಬರೆದ ಜಾಗ

ಪಂಪ್‌ಡೌನ್ ಒಂದು ಕ್ರಮ. ಮೊದಲು ರೋಟರಿ. ಒತ್ತಡ ನಾವು ಹೇಳಿದಷ್ಟು ಇಳಿದ ಮೇಲೆ ಟರ್ಬೊ. ಅದು ವೇಗ ಹಿಡಿದು ಒತ್ತಡ ಇನ್ನೂ ಇಳಿದ ಮೇಲೆ ಕಂಪ್ರೆಸರ್ ಆನ್ ಮಾಡಲು ಅನುಮತಿ. ಹೇಳಿದ ಹೊತ್ತಿನಲ್ಲಿ ಇಳಿಯದಿದ್ದರೆ ಸೋರಿಕೆ ಇದೆ ಎಂದು ನಿಲ್ಲಿಸಬೇಕು.

ಇದನ್ನೂ ಬರೀ ರೆಕಾರ್ಡ್‌ಗಳಲ್ಲಿ ಮಾಡಬಹುದು. ಕ್ಯಾಲ್ಕ್‌ಔಟ್ ರೆಕಾರ್ಡ್‌ಗಳನ್ನು ಒಂದಕ್ಕೊಂದು ಪೋಣಿಸಿ, ಒಂದರ ಫಲಿತಾಂಶ ಇನ್ನೊಂದನ್ನು ಓಡಿಸುವಂತೆ. ಹಾಗೆ ಮಾಡಿದ ವ್ಯವಸ್ಥೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ತರ್ಕ ಯಾವ ಒಂದು ಜಾಗದಲ್ಲೂ ಇರುವುದಿಲ್ಲ, ಲಿಂಕ್‌ಗಳ ನಡುವೆ ಹಂಚಿಹೋಗಿರುತ್ತದೆ. "ಈಗ ನಾವು ಯಾವ ಹಂತದಲ್ಲಿದ್ದೇವೆ?" ಎಂಬ ಸರಳ ಪ್ರಶ್ನೆಗೆ ಉತ್ತರ ಹುಡುಕಲು ಹತ್ತು ರೆಕಾರ್ಡ್ ನೋಡಬೇಕು. ಕೋಡ್ ಬರೆಯಲಿಲ್ಲ ಎಂಬ ಸಮಾಧಾನ ಇರುತ್ತದೆ, ಆದರೆ ನಿಜವಾಗಿ ಬರೆದದ್ದು ಕೋಡೇ. ಓದಲಾಗದ ಭಾಷೆಯಲ್ಲಿ ಬರೆದಿರುತ್ತೇವೆ ಅಷ್ಟೆ.

ನಾನು ಇಟ್ಟುಕೊಂಡ ಅಳತೆ ಇದು. ಒಂದು ರೆಕಾರ್ಡ್‌ನ ವರ್ತನೆ ಅದರ ಈಗಿನ ಒಳಬರುವ ಬೆಲೆಗಳಿಂದ ಮಾತ್ರ ತಿಳಿಯುವಂತಿದ್ದರೆ ಫೀಲ್ಡ್ ತುಂಬು. ಹಿಂದೆ ಏನಾಯಿತು ಎಂಬುದನ್ನು ನೆನಪಿಡಬೇಕಾದರೆ ಕೋಡ್ ಬರಿ. ಲಾಗರಿದಮ್‌ಗೆ ನೆನಪು ಬೇಡ. ಪಂಪ್‌ಡೌನ್‌ಗೆ ಬೇಕು.

ಬರೆದದ್ದು ಎಪಿಕ್ಸ್‌ನ ಸೀಕ್ವೆನ್ಸರ್‌ನಲ್ಲಿ. ಅದರ ಸ್ಟೇಟ್ ನೋಟೇಶನ್ ಭಾಷೆಯಲ್ಲಿ ಹಂತಗಳನ್ನು ಹೆಸರಿಸಿ, ಯಾವಾಗ ಯಾವ ಹಂತಕ್ಕೆ ಹೋಗಬೇಕು ಎಂದು ಬರೆದರೆ ಅದು ಸಿ ಆಗಿ ಬದಲಾಗಿ ಐಓಸಿ ಒಳಗೇ ಓಡುತ್ತದೆ. ನಮ್ಮ ಹಂತಗಳು: ನಿಂತಿದೆ, ರೋಟರಿ, ಟರ್ಬೊ, ಸಿದ್ಧ, ದೋಷ. ಈಗಿನ ಹಂತವನ್ನು ಒಂದು ರೆಕಾರ್ಡ್‌ಗೆ ಬರೆಯುತ್ತದೆ, ಪರದೆಯಲ್ಲಿ ದೊಡ್ಡದಾಗಿ ಕಾಣುತ್ತದೆ. ಮಿತಿಯ ಅಂಕಿಗಳು ಯಾವುವೂ ಕೋಡ್ ಒಳಗಿಲ್ಲ, ಎಲ್ಲ ರೆಕಾರ್ಡ್‌ಗಳಲ್ಲಿವೆ. ಬದಲಾಯಿಸಲು ಕಂಪೈಲ್ ಮಾಡಬೇಕಿಲ್ಲ. ಪ್ರತಿ ಹಂತದಲ್ಲೂ ಒತ್ತಡದ ಬೆಲೆ ನೋಡುವ ಮುಂಚೆ ಅದರ ಗಂಭೀರತೆ ನೋಡುತ್ತದೆ. ಇನ್‌ವ್ಯಾಲಿಡ್ ಆಗಿದ್ದರೆ ನೇರ ದೋಷದ ಹಂತಕ್ಕೆ. ಗೇಜ್‌ನ ಆ ನಾಲ್ಕು ಸಾಲು ಪ್ರೋಟೋಕಾಲ್‌ಗೆ ಪಟ್ಟ ಶ್ರಮ ಇಲ್ಲಿ ಫಲ ಕೊಡುತ್ತದೆ.

ಎರಡನೆಯ ಕೋಡ್ ಪ್ರಯೋಗದ್ದು. ತಾಪಮಾನ ನಿಂತಿತು ಎಂದು ಯಾವಾಗ ಹೇಳಬೇಕು, ಎಷ್ಟು ಕರೆಂಟ್ ಕಳಿಸಬೇಕು, ಎಲ್ಲಿ ಹೆಚ್ಚು ಬಿಂದು ಬೇಕು, ಇವೆಲ್ಲ ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಬದಲಾಗುತ್ತವೆ. ಇದು ಪೈಥಾನ್‌ನಲ್ಲೇ ಇದೆ, ಪೈಎಪಿಕ್ಸ್ ಲೈಬ್ರರಿ ಬಳಸಿ. ವಿದ್ಯಾರ್ಥಿಗಳು ತಮಗೆ ಬೇಕಾದಂತೆ ಬರೆದುಕೊಳ್ಳುತ್ತಾರೆ. ಅವರ ಸ್ಕ್ರಿಪ್ಟ್ ಮಧ್ಯದಲ್ಲಿ ಸತ್ತರೆ ಒಂದು ಅಳತೆ ಹೋಗುತ್ತದೆ, ಕ್ರಯೋಸ್ಟಾಟ್‌ಗೆ ಏನೂ ಆಗುವುದಿಲ್ಲ. ವಿಜ್ಞಾನದ ಕೋಡ್‌ಗೆ ಈ ಸ್ವಾತಂತ್ರ್ಯ ಬೇಕೇ ಬೇಕು.

ರೀಬೂಟ್ ಆದಮೇಲೆ

ಐಓಸಿ ಮತ್ತೆ ಶುರುವಾದಾಗ ಬರೆಯುವ ರೆಕಾರ್ಡ್‌ಗಳಲ್ಲಿ ಏನಿರಬೇಕು? ಆಟೋಸೇವ್ ಮಾಡ್ಯೂಲ್ ಹಳೆಯ ಬೆಲೆಗಳನ್ನು ಮರಳಿ ತುಂಬುತ್ತದೆ. ಎಚ್ಚರಿಕೆಯ ಮಟ್ಟಗಳಿಗೆ, ಪಂಪ್‌ಡೌನ್ ಮಿತಿಗಳಿಗೆ ಅದು ಸರಿ. ಹೀಟರ್‌ಗೆ ಸರಿಯಲ್ಲ. ಪೈ ಆಫ್ ಆಗಿದ್ದಾಗ ಯಾರೋ ಕಂಟ್ರೋಲರ್‌ನ ಮುಂಭಾಗದಿಂದ ಹೀಟರ್ ಆಫ್ ಮಾಡಿರಬಹುದು. ಪೈ ಎದ್ದು ತನ್ನ ನೆನಪಿನಿಂದ ಆನ್ ಮಾಡಬಾರದು. ಸ್ಟ್ರೀಮ್‌ಡಿವೈಸ್‌ನಲ್ಲಿ ಇನಿಟ್ ಹ್ಯಾಂಡ್ಲರ್ ಎಂಬುದಿದೆ. ಶುರುವಾಗುವಾಗ ಬರೆಯುವ ರೆಕಾರ್ಡ್ ಮೊದಲು ಉಪಕರಣವನ್ನು ಕೇಳಿ ಈಗಿನ ಬೆಲೆಯನ್ನು ತಾನು ತೆಗೆದುಕೊಳ್ಳುತ್ತದೆ, ಏನೂ ಬರೆಯುವುದಿಲ್ಲ. ಸೆಟ್‌ಪಾಯಿಂಟ್, ಹೀಟರ್ ರೇಂಜ್, ರ್‍ಯಾಂಪ್ ಮೂರಕ್ಕೂ ಇದನ್ನೇ ಹಾಕಿದೆವು.

ದಾಖಲೆಗೆ ಆರ್ಕೈವರ್ ಅಪ್ಲಯನ್ಸ್ ಎಂಬ ಸಾಫ್ಟ್‌ವೇರ್, ಲ್ಯಾಬ್‌ನ ಡೆಸ್ಕ್‌ಟಾಪ್ ಮೇಲೆ. ಜಾವಾ, ಟಾಮ್‌ಕ್ಯಾಟ್, ಡೇಟಾಬೇಸ್ ಎಂದು ಹೊಂದಿಸುವುದು ಜಾಸ್ತಿ ಕೆಲಸ. ಒಮ್ಮೆ ನಿಂತರೆ ಅದರ ಕಡೆ ನೋಡಬೇಕಿಲ್ಲ. ಡೆಸ್ಕ್‌ಟಾಪ್‌ಗೆ ಪೈ ಕಾಣದಿದ್ದರೆ ಮೊದಲು ವಿಳಾಸ ಪಟ್ಟಿ ನೋಡಿ. ಎಪಿಕ್ಸ್ ನೆಟ್‌ವರ್ಕ್‌ನಲ್ಲಿ ಮಾತಾಡುವ ಚಾನೆಲ್ ಆಕ್ಸೆಸ್ ಎಂಬ ಪ್ರೋಟೋಕಾಲ್ ರೆಕಾರ್ಡ್ ಹೆಸರನ್ನು ಬ್ರಾಡ್‌ಕಾಸ್ಟ್ ಮಾಡಿ ಹುಡುಕುತ್ತದೆ. ಎರಡೂ ಬೇರೆ ಸಬ್‌ನೆಟ್‌ನಲ್ಲಿದ್ದರೆ ಆ ಕೂಗು ದಾಟುವುದಿಲ್ಲ, ಪೈ ವಿಳಾಸವನ್ನು ಕೈಯಾರೆ ಕೊಡಬೇಕು. ಫೈರ್‌ವಾಲ್‌ನಲ್ಲಿ 5064 ಮತ್ತು 5065 ಪೋರ್ಟ್ ತೆರೆದಿರಬೇಕು.

ಎಲ್ಲ ಫೈಲ್‌ಗಳು ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿವೆ. ಫೀಲ್ಡ್ ತುಂಬುವುದು ಕೋಡ್ ಅಲ್ಲ ಎಂದು ಕೆಲವರು ರೆಕಾರ್ಡ್ ಫೈಲ್‌ಗಳನ್ನು ಹೊರಗಿಡುತ್ತಾರೆ. ಒಂದು ಮಿತಿಯ ಅಂಕಿ ಬದಲಾದರೂ ಯಂತ್ರದ ವರ್ತನೆ ಬದಲಾಗುತ್ತದೆ. ಯಾರು, ಯಾವಾಗ, ಯಾಕೆ ಎಂಬುದು ಗೊತ್ತಿರಲೇಬೇಕು.

ಕೇಬಲ್ ಕೀಳುವ ಪರೀಕ್ಷೆ

ಕೋಣೆಯ ತಾಪಮಾನದಲ್ಲಿ, ಖಾಲಿ ಸ್ಯಾಂಪಲ್ ಹೋಲ್ಡರ್ ಇಟ್ಟುಕೊಂಡು ಒಂದೊಂದೇ ಕೇಬಲ್ ಕಿತ್ತೆವು. ಗೇಜ್ ಮೀಟರ್‌ನಿಂದ ಪೈಗೆ ಬರುವ ಕೇಬಲ್ ಕಿತ್ತಾಗ ಸ್ಟ್ರೀಮ್‌ಡಿವೈಸ್ ತನ್ನ ಸಹಜ ಮಿತಿಯಾದ 1 ಸೆಕೆಂಡ್ ಕಾದು ಒತ್ತಡವನ್ನು ಇನ್‌ವ್ಯಾಲಿಡ್ ಮಾಡಿತು, ಸೀಕ್ವೆನ್ಸರ್ ದೋಷದ ಹಂತಕ್ಕೆ ಹೋಯಿತು, ತಾಪಮಾನ ಮಾತ್ರ ಏನೂ ಆಗದಂತೆ ಓದುತ್ತಲೇ ಇತ್ತು. ಮೀಟರ್ ಹಾಗೇ ಬಿಟ್ಟು ಗೇಜ್ ತಲೆಯ ಕೇಬಲ್ ಕಿತ್ತಾಗ "ಸೆನ್ಸರ್ ಇಲ್ಲ" ಎಂದು ಕಾರಣ ಬಂತು. ಪೈ ಪವರ್ ಕಿತ್ತಾಗ ಪರದೆಯೆಲ್ಲ ಸಂಪರ್ಕ ಇಲ್ಲ ಎಂದು ತೋರಿಸಿತು, ಕಂಟ್ರೋಲರ್ ಹಿಡಿದ ತಾಪಮಾನ ಬಿಡಲಿಲ್ಲ. ಮತ್ತೆ ಆನ್ ಮಾಡಿದಾಗ ಸೆಟ್‌ಪಾಯಿಂಟ್ ಕದಲಲಿಲ್ಲ. ಮೇನ್ ಆಫ್ ಮಾಡಿ ಆನ್ ಮಾಡಿದಾಗ ವಾಲ್ವ್ ಮುಚ್ಚೇ ಇತ್ತು, ಪಂಪ್ ಸುಮ್ಮನಿತ್ತು.

ಇನ್ನು ಉಳಿದಿರುವುದು ಕಂಪ್ರೆಸರ್‌ನ ಸೀರಿಯಲ್ ಪೋರ್ಟ್. ಹೀಲಿಯಂ ಒತ್ತಡ, ನೀರಿನ ತಾಪಮಾನ ಅದರಲ್ಲಿ ಸಿಗುತ್ತದೆ. ಪ್ರತಿ ಸಂದೇಶದ ಕೊನೆಗೆ 16 ಬಿಟ್ ಸಿಆರ್‌ಸಿ, ಅಂದರೆ ಸಂದೇಶ ಕೆಟ್ಟಿಲ್ಲ ಎಂದು ನೋಡುವ ಚೆಕ್‌ಸಮ್ ಅಂಕಿ, ಇರಬೇಕು, ಅದಕ್ಕೊಂದು ಸಣ್ಣ ಪ್ರೋಗ್ರಾಂ ಬರೆಯೋಣ ಎಂಬ ಮಾತು ಬಂದಿತ್ತು. ಸ್ಟ್ರೀಮ್‌ಡಿವೈಸ್‌ನ ಕೈಪಿಡಿಯಲ್ಲಿ ಚೆಕ್‌ಸಮ್ ಬಗೆಗಳ ಉದ್ದ ಪಟ್ಟಿ ಇದೆ, ಬೈಟ್‌ಗಳನ್ನು ಹೆಕ್ಸ್ ಅಕ್ಷರಗಳಾಗಿ ಕಳಿಸುವ ಆಯ್ಕೆಯೂ ಇದೆ. ಮೊದಲು ಆ ಪಟ್ಟಿಯಲ್ಲಿ ನಮ್ಮದು ಯಾವುದು ಎಂದು ಹುಡುಕುತ್ತೇವೆ. ಕೇಬಲ್‌ಗೆ ಆರ್ಡರ್ ಹೋಗಿದೆ.